ತುಂಗಕ್ಕ ಕ್ಷಮೆ ಕೇಳುವುದಿಲ್ಲ

ಶಿರಸಿ
೧೨ ಜನವರಿ ೨೦೦೩, ಭಾನುವಾರ

ಪ್ರೀತಿಯ ವೇದಾ,

ನಿನ್ನ ಪತ್ರ ಗುರುವಾರ ಬಂತು. ನಮ್ಮ ಇಷ್ಟು ವರ್ಷದ ಗೆಳೆತನದಲ್ಲಿ ಮೊದಲ ಸಲ ನೀನು ನನಗೆ 'ಶ್ರೀಮತಿ ದಾಕ್ಷಾಯಿಣಿಯವರಿಗೆ' ಅಂತ ಬರೆದಿದ್ದೀಯ. ಅದೂ ಮಹಿಳಾ ಬಳಗದ ಲೆಟರ್‌ಹೆಡ್ಡಿನಲ್ಲಿ, ಅಧ್ಯಕ್ಷೆಯ ಸೀಲು ಹೊಡೆದು. ಓದಿ ನಮ್ಮ ಮನೆಯವರ ಕೈಗೆ ಕೊಟ್ಟೆ. ಸದಾಶಿವರು ನಿಧಾನಕ್ಕೆ ಓದಿ, ಕನ್ನಡಕ ತೆಗೆದಿಟ್ಟು, "ಸಿಟ್ಟು ಇಳಿದ ಮ್ಯಾಲೆ ಉತ್ತರ ಬರಿ" ಅಂದರು. ಇವತ್ತಿನ ತನಕ ಕಾದೆ. ಇಳಿಯಲಿಲ್ಲ. ಹಾಗೇ ಬರೆಯುತ್ತಿದ್ದೇನೆ.

ನೀನು ಕೇಳಿರುವುದು ಇಷ್ಟು. ನಾಟಕದ ಕೊನೆ ಬದಲಿಸಬೇಕು, ತುಂಗಕ್ಕ ತಪ್ಪು ಒಪ್ಪಿಕೊಂಡು ತಂಗಿಯ ಕ್ಷಮೆ ಕೇಳಬೇಕು. ಆಗದಿದ್ದರೆ ನಾನು ಬಳಗದ ಕಾರ್ಯದರ್ಶಿ ಸ್ಥಾನ ಬಿಡಬೇಕು. ಎರಡೂ ಆಗುವುದಿಲ್ಲ ವೇದಾ. ಇದನ್ನು ಮೊದಲೇ ಹೇಳಿಬಿಟ್ಟರೆ ಉಳಿದದ್ದನ್ನು ಕಾರ್ಯದರ್ಶಿಯಾಗಿ ಅಲ್ಲ, ಗೆಳತಿಯಾಗಿ ಬರೆಯಬಹುದು.

ನೀನು ನಾಟಕ ನೋಡಿಲ್ಲ. ಸಿದ್ದಾಪುರದಲ್ಲಿ ಭಾರ್ಗವಿ ಅದನ್ನು ನಮಗೆ ಓದಿ ಹೇಳಿದ ದಿನ ನೀನು ಅರ್ಧಕ್ಕೇ ಎದ್ದು ಹೋದೆ. ಪಾಪ, ಆ ಹುಡುಗಿ ಕಾಲೇಜಿನಲ್ಲಿ ಪಾಠ ಹೇಳಿ ಅಭ್ಯಾಸವಿದ್ದವಳು, ಆದರೂ ಆವತ್ತು ಒಂದೇ ಪುಟವನ್ನು ಎರಡೆರಡು ಸಲ ಓದಿದಳು. ಅವಳ ಮೊದಲ ನಾಟಕ ಅದು. ನೀನು ಕೇಳದೆ ಬಿಟ್ಟ ಅರ್ಧವನ್ನು ಈಗ ಕೇಳು.

ತುಂಗಕ್ಕ ವಿಧವೆ. ತಂಗಿ ಸರಳಾಳನ್ನು ಸಾಕಿದವಳು. ಸರಳೆಗೆ ಅಂಕೋಲೆಯ ಹೈಸ್ಕೂಲಿನಲ್ಲಿ ಕೆಲಸ ಸಿಗುತ್ತದೆ, ಅಲ್ಲೇ ಹತ್ತಿರದ ಹುಡುಗನ ಜೊತೆ ಮದುವೆಯೂ ಗೊತ್ತಾಗುತ್ತದೆ. ತುಂಗಕ್ಕನಿಗೆ ಒಬ್ಬಳೇ ಉಳಿಯುವ ಭಯ. ಎದೆಯಲ್ಲಿ ಗಂಟಾಗಿದೆ, ದೀಪಾವಳಿ ಕಾಣುವುದಿಲ್ಲ ಎಂದು ಸುಳ್ಳು ಹೇಳಿ ಮಲಗುತ್ತಾಳೆ. ಅದು ಸಾಲದು ಎಂದು ಕಂಡಾಗ, ಹುಡುಗಿಗೆ ಮೂರ್ಛೆರೋಗವಿದೆ ಎಂಬ ಮಾತನ್ನು ಗಂಡಿನ ಮನೆಯವರ ಕಿವಿಗೆ ಮುಟ್ಟಿಸುತ್ತಾಳೆ. ಮದುವೆ ಮುರಿಯುತ್ತದೆ. ಸರಳೆಗೆ ಎಲ್ಲ ಗೊತ್ತಾಗಿ, ಪೆಟ್ಟಿಗೆ ಕಟ್ಟಿಕೊಂಡು ಹೊರಡುತ್ತಾಳೆ. ಬಾಗಿಲಲ್ಲಿ ನಿಂತು ಅಕ್ಕನ ಒಂದು ಮಾತಿಗೆ ಕಾಯುತ್ತಾಳೆ. ತುಂಗಕ್ಕ ಹೇಳುವುದು, "ಆ ಕೊಡೆ ತಗಂಡು ಹೋಗಡ, ಅದು ಎನ್ನದು." ತಂಗಿ ಕೊಡೆ ಇಟ್ಟು ಹೋಗುತ್ತಾಳೆ. ತುಂಗಕ್ಕ ಅಲ್ಲೇ ಕುಳಿತು, ತಂಗಿಯ ಪ್ರಯಾಣಕ್ಕೆಂದು ತಾನೇ ಮಾಡಿ ಕಟ್ಟಿದ್ದ ಹೋಳಿಗೆಯ ಗಂಟು ಬಿಚ್ಚಿ ಒಂದೊಂದಾಗಿ ತಿನ್ನುತ್ತಾಳೆ. ಅಷ್ಟೇ ನಾಟಕ.

ಕೇಳಿದ ಕ್ಷಣವೇ ಈ ಪಾತ್ರ ನಾನೇ ಮಾಡಬೇಕು ಅನ್ನಿಸಿತು. ನಮ್ಮ ಬೀದಿನಾಟಕಗಳನ್ನು ನೆನಪು ಮಾಡಿಕೋ. ಸಾರಾಯಿ ಅಂಗಡಿ ಮುಚ್ಚಿಸಲು ಬನವಾಸಿಯಿಂದ ಅರಬೈಲಿನ ತನಕ ಆಡಿದ್ದೆವಲ್ಲ, ಅದರಲ್ಲಿ ನಾನು ಮಾಡಿದ ಹೆಂಗಸರೆಲ್ಲ ಎರಡೇ ಥರ. ಮೊದಲರ್ಧದಲ್ಲಿ ಅಳುವವಳು, ಉಳಿದರ್ಧದಲ್ಲಿ ಪಂಜು ಹಿಡಿದವಳು. ಅವರಿಗೆ ಹೊಟ್ಟೆಕಿಚ್ಚಿಲ್ಲ, ನಾಲಿಗೆ ಚಪಲವಿಲ್ಲ, ಕೊಡೆಯ ಮೇಲೆ ಆಸೆಯಿಲ್ಲ. ಆ ನಾಟಕಗಳು ಬೇಕಾಗಿದ್ದವು, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ಹಾಗೆ ಒಳ್ಳೆಯವಳಾಗಿ ಆಗಿ ನನ್ನ ದವಡೆ ನೋಯುತ್ತಿತ್ತು. ತುಂಗಕ್ಕನ ಮಾತು ಬಾಯಿಗೆ ಬಂದಾಗ ಬಿಗಿದ ರವಿಕೆಯ ಗುಂಡಿ ಬಿಚ್ಚಿದಷ್ಟು ಹಾಯೆನಿಸಿತು.

ನಿನ್ನ ವಾದ ಸುಳ್ಳೆಂದು ನಾನು ಹೇಳುವುದಿಲ್ಲ. ಹೆಂಗಸರೆಂದರೆ ಕುತಂತ್ರಿಗಳು, ಹೆಂಗಸಿಗೆ ಹೆಂಗಸೇ ಶತ್ರು ಎಂಬ ಮಾತಿನ ಜೊತೆ ಜಗಳ ಮಾಡುತ್ತಲೇ ನಮ್ಮ ಕೂದಲು ಬೆಳ್ಳಗಾಯಿತು, ಈಗ ನಾವೇ ಅಂಥವಳನ್ನು ವೇದಿಕೆಗೆ ತಂದು ಚಪ್ಪಾಳೆ ಹೊಡೆಸಬೇಕೇ ಎಂದು ಬರೆದಿದ್ದೀಯ. ಸ್ತ್ರೀವಾದಿ ಎಂದು ಹೇಳಿಕೊಳ್ಳುವವಳಿಗೆ ಇಂಥ ಪಾತ್ರದಲ್ಲಿ ಖುಷಿ ಹೇಗೆ ಸಿಗುತ್ತದೆ ಎಂದೂ ಕೇಳಿದ್ದೀಯ. ಸಿಗುತ್ತದೆ ವೇದಾ. ಟೀವಿಯಲ್ಲಿ ಕಣ್ಣಿಗೆ ಕಪ್ಪು ತೀಡಿಕೊಂಡು ಹಾಲಿಗೆ ವಿಷ ಹಾಕುವ ಅತ್ತೆ ಬಂದರೆ ನಾನೂ ಆರಿಸಿ ಏಳುತ್ತೇನೆ. ಅವಳು ಯಾಕೆ ಹಾಗೆ ಎಂದು ಅವಳನ್ನು ಬರೆದವನಿಗೆ ಕುತೂಹಲವೇ ಇಲ್ಲ. ಭಾರ್ಗವಿಗೆ ಇದೆ. ತುಂಗಕ್ಕ ಮಾಡಿದ್ದು ತಪ್ಪು, ಅದರಿಂದ ಒಂದು ಹುಡುಗಿಯ ಬಾಳು ಕೆಟ್ಟಿತು, ನಾಟಕ ಅದನ್ನು ಮುಚ್ಚಿಡುವುದಿಲ್ಲ. ಆದರೆ ಅವಳನ್ನು ಕಟಕಟೆಯಲ್ಲಿ ನಿಲ್ಲಿಸುವುದೂ ಇಲ್ಲ. ಗಂಡಸರ ಪಾತ್ರಗಳು ಕುಡಿದು, ಮೋಸ ಮಾಡಿ, ಮನೆ ಬಿಟ್ಟು ಹೋಗಿಯೂ ನಾಯಕರಾಗಿಯೇ ಉಳಿಯುತ್ತವೆ. ಅವರನ್ನು ನೋಡಿ ಗಂಡಸರ ಬುದ್ಧಿಯೇ ಇಷ್ಟು ಎಂದು ಯಾರೂ ಸಭೆ ಬಿಟ್ಟು ಎದ್ದು ಹೋಗುವುದಿಲ್ಲ.

ಈಗ ನಿನಗೆ ಹಿಡಿಸದ ಮಾತಿಗೆ ಬರುತ್ತೇನೆ. ಪಾರ್ವತವ್ವನ ಮಾತು.

ಅಕ್ಟೋಬರಿನಲ್ಲಿ ಅವಳು ಮುರಿದ ಮಣಿಕಟ್ಟು ಹಿಡಿದುಕೊಂಡು ಬಳಗದ ಕೋಣೆಗೆ ಬಂದಾಗ ಮೊದಲು ಚಹಾ ಕೊಟ್ಟವಳು ನೀನೇ. ಗಂಡ ಶಿವಪುತ್ರಪ್ಪ ವರದಕ್ಷಿಣೆಗಾಗಿ ಹೊಡೆದ ಎಂದಳು. ಮೂರು ತಿಂಗಳ ಬಸುರಿ ಎಂದೂ ಹೇಳಿದಳು. ವಕೀಲರ ಹತ್ತಿರ ಓಡಿದೆವು. ಆಮೇಲೆ ವರದಕ್ಷಿಣೆಯೂ ಇಲ್ಲ, ಬಸುರೂ ಇಲ್ಲ ಎಂದು ತಿಳಿಯಿತು. ಓಣಿಯವರನ್ನು ಕೇಳಿದರೆ ಅವಳ ಬಾಯಿ ಕೆಟ್ಟದ್ದು, ಅತ್ತೆಯನ್ನು ಅಳಿಸುತ್ತಾಳೆ ಎಂದರು. ನೀನು ಕೇಳಿದಾಗ ನಿನ್ನ ಮುಖಕ್ಕೇ, "ನೀವೇನು ಭಾಳ ಸತ್ಯವಂತರೇನ್ರಿ?" ಅಂದಳು. ಕಾರ್ಯಕಾರಿ ಸಭೆಯಲ್ಲಿ ನೀನು, ಇಂಥವಳ ಬೆನ್ನಿಗೆ ನಿಂತರೆ ನಾಳೆ ನಿಜವಾಗಿ ನೊಂದವಳು ಬಂದಾಗ ನಮ್ಮ ಮಾತು ಯಾರು ನಂಬುತ್ತಾರೆ ಎಂದೆ. ಎಲ್ಲರೂ ತಲೆಯಾಡಿಸಿದರು. ನಾನೊಬ್ಬಳೇ ಕೇಳಿದೆ, ಮಣಿಕಟ್ಟು ಮುರಿದದ್ದು ಸುಳ್ಳೇ? ನೀನು ಮುಂದಿನ ವಿಷಯಕ್ಕೆ ಹೋದೆ. ಅವಳು ಮತ್ತೆ ಅದೇ ಮನೆಗೆ ಹೋದಳು.

ಇದಾದ ಮೇಲೆ ಬಳಗ ನಾಟಕಕ್ಕೆ ತನ್ನ ಹೆಸರು ಕೊಡಲಿಲ್ಲ. ಆಗಲಿ ಎಂದು ನಾವೇ ನಮ್ಮ ಹೆಸರಿನಲ್ಲಿ ಹಾಲ್ ಹಿಡಿದೆವು. ನಮ್ಮ ಮಾಳಿಗೆಯಲ್ಲೇ ತಾಲೀಮು. ಬನವಾಸಿ ಕಡೆಯ ನನ್ನ ನಾಲಿಗೆಗೆ ನಿಮ್ಮ ಹವ್ಯಕ ಮಾತು ಹೊರಳಿಸಲು ಭಾರ್ಗವಿ ಪಟ್ಟ ಪಾಡು ಹೇಳತೀರದು. 'ನಾನು' ಎಂಬುದಕ್ಕೆ 'ಆನು' ಎಂದಾಗಲೆಲ್ಲ ಅವಳು ಕಿವಿ ಮುಚ್ಚಿಕೊಳ್ಳುತ್ತಿದ್ದಳು.

ಡಿಸೆಂಬರಿನಲ್ಲಿ ಒಂದು ಸಂಜೆ ಆಟ. ಹಾಲ್ ತುಂಬಿತ್ತು, ಹೆಂಗಸರೇ ಹೆಚ್ಚು. ಮುಂದಿನ ಸಾಲಿನಲ್ಲಿ ವರದಿ ಬರೆಯಲೆಂದು ಶಾಂತಾರಾಮ ಕುಳಿತಿದ್ದ, ಪತ್ರಿಕೆಯವನು, ನಿನಗೆ ಗೊತ್ತಲ್ಲ. ನೀನು ಯಾವುದಕ್ಕೆ ಹೆದರಿದ್ದೆಯೋ ಅದೇ ಆಯಿತು, ಅದನ್ನು ನಿನ್ನಿಂದ ಮುಚ್ಚಿಡುವುದಿಲ್ಲ. ತುಂಗಕ್ಕ ಸಾಯುತ್ತೇನೆಂದು ಸುಳ್ಳು ಹೇಳಿ ಕಂಬಳಿ ಹೊದ್ದು ಮಲಗಿ ನರಳುತ್ತಿದ್ದಾಳೆ. ಅವನು ದೊಡ್ಡದಾಗಿ ನಕ್ಕು, ಪಕ್ಕದವನಿಗೆ ಇಡೀ ಹಾಲಿಗೆ ಕೇಳುವ ಹಾಗೆ, "ಹೆಂಗಸರ ಬುದ್ಧಿಯೇ ಇಷ್ಟು ನೋಡು" ಅಂದ. ಸರಳೆಯಾಗಿದ್ದ ಹುಡುಗಿ ಮುಂದಿನ ಮಾತು ಮರೆತು ನಿಂತುಬಿಟ್ಟಳು.

ಆ ಗಳಿಗೆಯಲ್ಲಿ ನಿನ್ನ ಮುಖ ನೆನಪಾಯಿತು. ನಾನು ದಾಕ್ಷಾಯಿಣಿಯಾಗಿ ಎದ್ದು ನಿಂತಿದ್ದರೆ ಭಾಷಣ ಮಾಡುತ್ತಿದ್ದೆ, ಅವನು ಇನ್ನಷ್ಟು ನಗುತ್ತಿದ್ದ. ಆದರೆ ಕಂಬಳಿಯೊಳಗೆ ಇದ್ದವಳು ತುಂಗಕ್ಕ. ಮೆಲ್ಲಗೆ ತಲೆ ಹೊರಗೆ ಹಾಕಿ, ಅವನನ್ನೇ ನೋಡಿ, ಸಾಯುವ ದನಿಯಲ್ಲಿ ಕೇಳಿದೆ, "ಎಂತದೋ ತಮಾ, ಆನು ಸಾಯ್ತಾ ಇದ್ದೆ, ನಿಂಗೆ ನೆಗೆ ಬತ್ತಾ?"

ವೇದಾ, ಆ ಹೆಂಗಸರು ನಕ್ಕ ನಗುವನ್ನು ನೀನು ಕೇಳಬೇಕಿತ್ತು! ಸೆರಗು ಬಾಯಿಗಿಟ್ಟುಕೊಂಡು ನಗುವ ನಗುವಲ್ಲ ಅದು, ತೊಡೆ ತಟ್ಟಿಕೊಂಡು ನಗುವುದು. ಶಾಂತಾರಾಮ ಮುಖ ಕೆಂಪಗೆ ಮಾಡಿಕೊಂಡು ಪೆನ್ನು ಹುಡುಕುವವನ ಹಾಗೆ ಬಗ್ಗಿದವನು ಆ ದೃಶ್ಯ ಮುಗಿಯುವ ತನಕ ತಲೆ ಎತ್ತಲಿಲ್ಲ. ಅವರು ತುಂಗಕ್ಕನನ್ನು ನೋಡಿ ನಗುತ್ತಿರಲಿಲ್ಲ, ತುಂಗಕ್ಕನ ಪಕ್ಷ ವಹಿಸಿ ನಗುತ್ತಿದ್ದರು. ಅದೇ ಜನ, ಮದುವೆ ಮುರಿಯುವ ಸಂಚಿನ ದೃಶ್ಯ ಬಂದಾಗ ನನ್ನನ್ನು ಬೈದರು. ಒಬ್ಬಳು, "ಥೂ ನಿನ್ನ ಬಾಯಿಗೆ ಹುಳ ಬೀಳ" ಎಂದು ಕೂಗಿದಳು. ಒಂದೇ ಸಂಜೆ ಇಷ್ಟಪಟ್ಟರು, ಬೈದರು, ಕೊನೆಗೆ ಹೋಳಿಗೆ ತಿನ್ನುವಾಗ ಸುಮ್ಮನಾದರು. ಯಾರು ಸರಿ ಯಾರು ತಪ್ಪು ಎಂದು ಅವರಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅತ್ತೆಯನ್ನೂ ಕರೆದುಕೊಂಡು ಹೋಗಿದ್ದೆ. ಹೇಗಿತ್ತು ಎಂದು ಕೇಳಿದರೆ ನಮ್ಮ ಅತ್ತೆ ಗುರುಶಾಂತವ್ವ ಹೇಳಿದ್ದು, "ಆಕಿ ಒಬ್ಬಾಕೀನೇ ಕುಂತು ಹೋಳಿಗಿ ತಿನ್ನೂಮುಂದ ಸಂಕಟ ಆತವಾ. ಹಸಿವೀನೂ ಆತು."

ಆಟ ಮುಗಿದು ಬಣ್ಣ ಒರೆಸಿಕೊಳ್ಳುತ್ತಿದ್ದಾಗ ಪಾರ್ವತವ್ವ ಪರದೆಯ ಹಿಂದೆ ಬಂದಳು. ಅವಳು ಬಂದದ್ದೇ ನನಗೆ ಗೊತ್ತಿರಲಿಲ್ಲ. ಕೆನ್ನೆಯ ಮೇಲೆ ಹೊಸ ಗಾಯ. ನಾಟಕ ಚೆನ್ನಾಗಿತ್ತು ಎಂದೇನೂ ಹೇಳಲಿಲ್ಲ. ನನ್ನ ಸೀರೆಯ ನೆರಿಗೆ ನೋಡುತ್ತ, "ಅಕ್ಕಾರ, ಆಕಿ ಅಷ್ಟೆಲ್ಲ ಸುಳ್ಳು ಹೇಳಿದ್ಲು. ಆದ್ರೂ ಆಕೀಗೆ ಯಾರೂ ಹೊಡೀಲಿಲ್ಲಲ್ರಿ" ಅಂದಳು.

ನಾನು ಬಣ್ಣದ ಬಟ್ಟೆ ಪಕ್ಕಕ್ಕಿಟ್ಟು ಅವಳಿಗೆ ಕೂರಲು ಜಾಗ ಮಾಡಿದೆ.

ಮರುದಿನ ಅವಳನ್ನು ಕರೆದುಕೊಂಡು ಆಸ್ಪತ್ರೆಗೆ ಹೋದೆ, ಅಲ್ಲಿಂದ ಠಾಣೆಗೆ. ಬಳಗದ ಹೆಸರು ಹೇಳಲಿಲ್ಲ, ನೀನು ಹೆದರಬೇಡ. ಅವಳಿಗೆ ಒಂದೇ ಮಾತು ಹೇಳಿದ್ದೆ, ಆದದ್ದಷ್ಟನ್ನೇ ಹೇಳು, ಅದೇ ಸಾಕು. ಹೇಳಿದಳು. ಚಹಾಕ್ಕೆ ಸಕ್ಕರೆ ಕಡಿಮೆ ಎಂದು ಲೋಟ ಎಸೆದದ್ದು, ಅವಳು ತಿರುಗಿ ಬೈದದ್ದು, ಅವನು ಕೈ ತಿರುಚಿದ್ದು. ತಾನು ಬೈದ ಬೈಗುಳವನ್ನೂ ಬಿಡದೆ ಹೇಳಿದಳು. ಬರೆದುಕೊಳ್ಳುತ್ತಿದ್ದ ಪೊಲೀಸಪ್ಪ ಒಮ್ಮೆ ನನ್ನ ಮುಖ ನೋಡಿ ಅದನ್ನೂ ಬರೆದುಕೊಂಡ. ದೂರು ದಾಖಲಾಗಿದೆ. ಶಿವಪುತ್ರಪ್ಪನ ಕಡೆಯವರು ನಿನಗೆ ಫೋನು ಮಾಡಿ ಅವಳು ಎಲ್ಲಿದ್ದಾಳೆ ಎಂದು ಕೇಳುತ್ತಿದ್ದಾರೆಂದು ಬರೆದಿದ್ದೀಯ. ಗೊತ್ತಿಲ್ಲ ಎಂದು ಹೇಳು. ನಿನಗೆ ಗೊತ್ತಿಲ್ಲದಿರುವುದು ನಿಜವೇ.

ಒಂದು ಮಾತು ಕೇಳಲೇ? ಟೀಚರ್ಸ್ ಟ್ರೈನಿಂಗಿನಲ್ಲಿದ್ದಾಗ ಚಂದಗುಳಿಯ ಗಣಪತಿಗೆ ಘಂಟೆ ಕಟ್ಟುವ ಹರಕೆಯಿದೆ ಎಂದು ವಾರ್ಡನ್ ಎದುರು ಕಣ್ಣೀರು ಹಾಕಿ, ರಜೆ ಪಡೆದು, ನನ್ನನ್ನು ಹುಬ್ಬಳ್ಳಿಗೆ ಸಿನಿಮಾ ನೋಡಲು ಎಳೆದುಕೊಂಡು ಹೋದವಳು ಯಾರು? ಬರುವಾಗ ವಾರ್ಡನ್ನಿಗೆ ಪ್ರಸಾದವೆಂದು ಬಸ್‌ಸ್ಟ್ಯಾಂಡಿನ ಬಾಳೆಹಣ್ಣು ಕೊಟ್ಟವಳು ಯಾರು? ಆ ವೇದಾವತಿಯನ್ನೇ ನಾನು ಗೆಳತಿ ಮಾಡಿಕೊಂಡದ್ದು. ಈ ಸೀಲು ಹೊಡೆಯುವ ವೇದಾವತಿ ನನಗೆ ಸರಿಯಾಗಿ ಗುರುತು ಸಿಗುತ್ತಿಲ್ಲ. ತಪ್ಪೇ ಇಲ್ಲದ ಹೆಂಗಸರ ಕಥೆಯನ್ನಷ್ಟೇ ಕೇಳುತ್ತೇವೆ ಎಂದು ಕುಳಿತರೆ, ಕೊನೆಗೆ ತಪ್ಪೇ ಇಲ್ಲದ ಹೆಂಗಸರಿಗಷ್ಟೇ ಬಾಗಿಲು ತೆರೆಯುತ್ತೇವೆ. ಅಂಥವಳು ಇನ್ನೂ ನಮ್ಮ ಕೋಣೆಗೆ ಬಂದಿಲ್ಲ ವೇದಾ. ಬಂದವರೆಲ್ಲ ನಮ್ಮಂಥವರೇ.

ಆದ್ದರಿಂದ ರಾಜೀನಾಮೆ ಕೊಡುವುದಿಲ್ಲ. ತೆಗೆಯಬೇಕೆಂದಿದ್ದರೆ ಸಭೆ ಕರೆ, ಬಂದು ಎಲ್ಲರೆದುರು ಮಾತಾಡುತ್ತೇನೆ, ಕೈ ಎತ್ತಿಸಿ ತೆಗೆ. ನಾಟಕ ಫೆಬ್ರವರಿಯಲ್ಲಿ ಸಿದ್ದಾಪುರಕ್ಕೆ ಹೋಗುತ್ತದೆ, ಆಮೇಲೆ ನಿಮ್ಮ ಯಲ್ಲಾಪುರಕ್ಕೇ ಬರುತ್ತದೆ. ಭಾರ್ಗವಿ ಒಂದಕ್ಷರವನ್ನೂ ಬದಲಿಸುವುದಿಲ್ಲ. ಹೆದರಿ ಬದಲಿಸಲು ಹೊರಟಿದ್ದಳು, ನಾನೇ ಬೈದು ನಿಲ್ಲಿಸಿದೆ. ನೀನು ಬಂದರೆ ಮುಂದಿನ ಸಾಲಿನಲ್ಲಿ ಕೂರಿಸುತ್ತೇನೆ. ಅರ್ಧಕ್ಕೆ ಎದ್ದು ಹೋದರೆ ತುಂಗಕ್ಕ ಸುಮ್ಮನಿರುವುದಿಲ್ಲ, ಈಗಲೇ ಹೇಳಿದ್ದೇನೆ.

ಮನೆಯಲ್ಲಿ ಎಲ್ಲರನ್ನೂ ಕೇಳಿದೆನೆಂದು ಹೇಳು. ನಿನ್ನ ಮೊಣಕಾಲು ಹೇಗಿದೆ? ಎಣ್ಣೆ ಹಚ್ಚುತ್ತಿದ್ದೀಯೋ ಇಲ್ಲವೋ?

ಸಿಟ್ಟಿದ್ದರೂ ನಿನ್ನವಳೇ ಆದ
ದಾಕ್ಷಾಯಿಣಿ

ಮ.ಸೂ.: ಅಂಚೆಗೆ ಹಾಕುವ ಮೊದಲು ಇದನ್ನೂ ಬರೆದುಬಿಡುತ್ತೇನೆ, ನೀನು ಬೇರೆಯವರಿಂದ ಕೇಳುವುದು ಬೇಡ. ಪಾರ್ವತವ್ವ ದೂರು ಕೊಟ್ಟ ದಿನದಿಂದ ನಮ್ಮ ಮನೆಯಲ್ಲೇ ಇದ್ದಾಳೆ. ಇನ್ನು ಶಿವಪುತ್ರಪ್ಪನ ಕಡೆಯವರು ಕೇಳಿದರೆ ನೀನೇ ಒಂದು ಸುಳ್ಳು ಹೇಳಬೇಕು. ಈಗ ತಾನೇ ಪಕ್ಕದ ಮನೆಯ ಅನ್ನಪೂರ್ಣವ್ವ ಬಂದು ಹೇಳಿ ಹೋದಳು, ನಾನು ತನಗೆ ತಂಗಳು ಹಾಕುತ್ತೇನೆಂದೂ ಹೊಟ್ಟೆ ತುಂಬ ಬಡಿಸುವುದಿಲ್ಲವೆಂದೂ ಪಾರ್ವತವ್ವ ಓಣಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದಾಳಂತೆ. ಮಧ್ಯಾಹ್ನ ನಾನೇ ಬಿಸಿ ರೊಟ್ಟಿ ಬಡಿದು ಬಡಿಸಿದ್ದೆ! ಮೈಯೆಲ್ಲ ಉರಿಯುತ್ತಿದೆ. ಊಟಕ್ಕೆ ಕುಳಿತಾಗ ಚೆನ್ನಾಗಿ ಬೈಯುವವಳಿದ್ದೇನೆ, ಅವಳೂ ಸುಮ್ಮನಿರುವವಳಲ್ಲ. ಆದರೆ ಕಳಿಸುವುದಿಲ್ಲ. ಅವಳಿಗೆ ಎಣ್ಣೆಗಾಯಿ ಬೇಕಂತೆ, ಬದನೆಕಾಯಿ ಹೆಚ್ಚಬೇಕು, ಏಳುತ್ತೇನೆ.