ನೆಲ ಒರೆಸಲು ಎದ್ದವಳ ಮಗಳಿಗೆ ನಿಮ್ಮ ಸೀಟು ಯಾಕೆ ಬೇಡವಾಯಿತು

ಆಯ್ಕೆ ಪರೀಕ್ಷೆಯ ಸರ್ಕಾರಿ ಪ್ರೌಢಶಾಲೆಗಳನ್ನು ಆಳುತ್ತಿರುವ ಮಾನ್ಯ ನಿರ್ದೇಶಕರೇ,

ಕಷ್ಟದ ಪರೀಕ್ಷೆ ಪಾಸಾಗಿ ಸೀಟು ಗಿಟ್ಟಿಸಿದ ಮಕ್ಕಳು ಕೊನೆಗೆ ಅದನ್ನು ಬೇಡವೆನ್ನುತ್ತಿರುವುದು ಯಾಕೆಂದು ಪತ್ತೆಹಚ್ಚಲು ತಾವೊಂದು ಸಮಿತಿ ರಚಿಸಿದ್ದೀರಿ. ಸಂತೋಷ. ಆದರೆ ಸಮಿತಿ ಬಾಯಿ ತೆರೆಯುವ ಮೊದಲೇ ಶಿಕ್ಷೆಯನ್ನೂ ಹೊರಡಿಸಿದ್ದೀರಿ: ಒಂದು ಶಾಲೆಯ ಸೀಟು ತಿರಸ್ಕರಿಸಿದ ಮಗುವಿಗೆ ಇನ್ನು ಯಾವ ಆಯ್ಕೆ ಶಾಲೆಯಲ್ಲೂ ಜಾಗವಿಲ್ಲ. ರೋಗ ಏನೆಂದು ತಿಳಿಯುವ ಮುನ್ನವೇ ಕಾಲು ಕತ್ತರಿಸುವ ವೈದ್ಯರನ್ನು ನಾನು ಈವರೆಗೆ ಕಂಡಿರಲಿಲ್ಲ. ಹೀಗೆ ಕತ್ತರಿಸಿದ ಕಾಲು ನನ್ನ ತಂಗಿಯ ಮಗಳದ್ದು. ಅದಕ್ಕೇ ಈ ಪತ್ರ.

ನನ್ನ ಮುಖ ತಮಗೆ ಗೊತ್ತಿರಲಾರದು, ನನ್ನ ಭಾಷೆ ಮಾತ್ರ ಚೆನ್ನಾಗಿ ಗೊತ್ತು. ತಮ್ಮ ಕಚೇರಿಯ ಗೇಟಿನೆದುರು ಮಡಚುವ ಮೇಜು ಹಾಕಿಕೊಂಡು ಬಂದವರಿಗೆಲ್ಲ ಅರ್ಜಿ ಬರೆದುಕೊಡುವವನು ನಾನು. 'ಘನ ಸನ್ನಿಧಾನದಲ್ಲಿ', 'ಕೈಮುಗಿದು ಬೇಡಿಕೊಳ್ಳುವುದೇನೆಂದರೆ', 'ತಾವೇ ತಾಯಿ ತಂದೆ' ಇವೆಲ್ಲ ನನ್ನ ಅಂಗಡಿಯ ಸರಕು. ತಮ್ಮ ಮೇಜಿಗೆ ಬಂದು ಧೂಳು ತಿನ್ನುವ ಅರ್ಜಿಗಳಲ್ಲಿ ಅರ್ಧದಷ್ಟು ನನ್ನವೇ. ಬೇರೆಯವರ ಪರವಾಗಿ ಇಷ್ಟು ವರ್ಷ ಬಾಗಿ ಬಾಗಿ ನನ್ನ ಬೆನ್ನು ಸೋತಿದೆ. ಇವತ್ತು ನನ್ನ ಪರವಾಗಿ ನೆಟ್ಟಗೆ ನಿಂತು ಬರೆಯುತ್ತಿದ್ದೇನೆ, ಕ್ಷಮಿಸಬೇಕಾಗಿಲ್ಲ.

ಪತ್ರಿಕೆಯವರಿಗೆ ತಾವು ಹೇಳಿದಿರಂತೆ, "ಈ ಮಕ್ಕಳಿಗೆ ಬುದ್ಧಿ ಇದೆ, ಛಲ ಇಲ್ಲ" ಎಂದು. ಛಲ! ಒಂದೇ ಕೋಣೆಯ ಮನೆಯಲ್ಲಿ, ಪಕ್ಕದವರ ಟಿವಿ ಗೋಡೆಯಾಚೆಯಿಂದ ಅರಚುತ್ತಿದ್ದಾಗ, ಎರಡು ಕಿವಿಗೂ ಹತ್ತಿ ತುರುಕಿಕೊಂಡು ಲೆಕ್ಕ ಮಾಡಿದ ಹುಡುಗಿಗೆ ಛಲ ಇಲ್ಲ. ಸ್ವಂತ ಕೋಣೆ, ಸ್ವಂತ ಫ್ಯಾನು, ಸ್ವಂತ ಮೇಷ್ಟ್ರು ಇದ್ದ ತಮ್ಮ ಮಗನಿಗೆ ಇತ್ತು ಎಂದು ಕಾಣುತ್ತದೆ. ಅವನು ಎರಡು ಸಲ ಅದೇ ಪರೀಕ್ಷೆಗೆ ಕೂತನಲ್ಲ.

ಇನ್ನು ಕಾರಣ. ಸ್ವಾಮಿ, ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರು ಎನ್ನುತ್ತಾರಲ್ಲ, ತಮ್ಮ ಸಮಿತಿಯ ಕಥೆ ಅದೇ. ಕಾರಣ ತಮ್ಮ ಮೊಣಕೈಯಲ್ಲೇ ಇದೆ.

ನನ್ನ ತಂಗಿಯ ಮಗಳಿಗೆ ಸೀಟು ಸಿಕ್ಕ ಶಾಲೆಯಲ್ಲಿ ನಡೆದ ಹೊಸ ಮಕ್ಕಳ ಸ್ವಾಗತ ಸಭೆ ನೆನಪಿದೆಯೇ? ತಾವೇ ಮುಖ್ಯ ಅತಿಥಿ. ನನ್ನ ತಂಗಿ ಆ ಶಾಲೆಯಲ್ಲೇ ಆಯಾ. ಅಲ್ಲಿನ ನೆಲ, ಶೌಚಾಲಯ, ಬೆಂಚು, ಕಿಟಕಿ ಎಲ್ಲವೂ ಅವಳ ಕೈಯಿಂದಲೇ ಹೊಳೆಯುವುದು. ಅವಳ ಗಂಡ ಇನ್ನೊಬ್ಬಳ ಮನೆ ಸೇರಿಕೊಂಡ ಮೇಲೆ ಆ ಕೆಲಸವೇ ಮನೆಯ ಒಲೆ ಉರಿಸಿದ್ದು. ಅವತ್ತು ರಜೆ ಕೇಳಿ, ಇದ್ದುದರಲ್ಲಿ ಒಳ್ಳೆಯ ಬಟ್ಟೆ ಉಟ್ಟು, ಪೋಷಕರ ಸಾಲಿನಲ್ಲಿ ಮಗಳ ಪಕ್ಕ ಕೂತಿದ್ದಳು. ನಾನು ಹಿಂದಿನ ಸಾಲಿನಲ್ಲಿದ್ದೆ. ಭಾಷಣದ ಆವೇಶದಲ್ಲಿ ತಮ್ಮ ಮೊಣಕೈ ತಗುಲಿ ಮೇಜಿನ ಮೇಲಿದ್ದ ನೀರಿನ ಜಗ್ಗು ಉರುಳಿತು. ಮುಖ್ಯೋಪಾಧ್ಯಾಯರು ಅಭ್ಯಾಸಬಲದಿಂದ ಮೈಕಿನಲ್ಲೇ ಕೂಗಿದರು: "ಆಯಾ, ಸ್ವಲ್ಪ ಬಾಮ್ಮ ಇಲ್ಲಿ."

ನನ್ನ ತಂಗಿ ಎದ್ದಳು. ಅವಳದೂ ಅಭ್ಯಾಸವೇ. ಇವತ್ತು ನಾನು ಆಯಾ ಅಲ್ಲ, ತಾಯಿ ಎನ್ನುವುದು ಆ ಪೆದ್ದಿಗೆ ಹೊಳೆಯುವಷ್ಟರಲ್ಲಿ ವೇದಿಕೆಯ ಮೇಲೆ ಮಂಡಿಯೂರಿ ಒರೆಸುತ್ತಿದ್ದಳು. ತಾವು ಕಾಲು ಎತ್ತಿಕೊಂಡಿರಿ. ಅಷ್ಟು ಸಹಕಾರ ತಮ್ಮಿಂದ ಸಿಕ್ಕಿತು. ಮುಖ್ಯೋಪಾಧ್ಯಾಯರು ತಮ್ಮ ಕಿವಿಯಲ್ಲಿ ಏನೋ ಉಸುರಿದರು. ತಮ್ಮ ಮುಖ ಅರಳಿತು. ಹುಡುಗಿಯನ್ನು ಮೇಲೆ ಕರೆಸಿದಿರಿ. ಒದ್ದೆ ಬಟ್ಟೆ ಹಿಡಿದ ತಾಯಿಯ ಪಕ್ಕ ನಿಲ್ಲಿಸಿ ಅಂದಿರಿ, "ನೋಡಿ, ಇದು ನಮ್ಮ ವ್ಯವಸ್ಥೆಯ ಹೆಮ್ಮೆ. ನೆಲ ಒರೆಸೋರ ಮಗಳೂ ಇನ್ಮೇಲೆ ನಿಮ್ಮ ಮಕ್ಕಳ ಜೊತೆ ಕೂರ್ತಾಳೆ. ಜೋರಾಗಿ ಚಪ್ಪಾಳೆ ಬರಲಿ."

ಬಂತು. ಸಭಾಂಗಣ ಅದುರುವಷ್ಟು ಬಂತು. ಏನು ಮಾಡಬೇಕೆಂದು ತೋಚದೆ ಹುಡುಗಿಯೂ ತನ್ನಮ್ಮನಿಗೆ ಚಪ್ಪಾಳೆ ತಟ್ಟಿದಳು.

ಮನೆಗೆ ಬಂದು ಅವಳು ಅಳಲಿಲ್ಲ. "ಅಮ್ಮ, ಅವರು ಕೂಗಿದ್ರೆ ನೀನ್ಯಾಕೆ ಎದ್ದೆ?" ಎಂದಳು.

"ಅಭ್ಯಾಸ ಕಣೇ."

"ಅಲ್ಲಿಗೆ ಹೋದ್ರೆ ನನಗೂ ಅದೇ ಅಭ್ಯಾಸ ಆಗತ್ತೆ. ಯಾರು ಏನು ಚೆಲ್ಲಿದ್ರೂ ಎಲ್ಲರೂ ನನ್ನೇ ನೋಡ್ತಾರೆ. ಇಲ್ಲ ನೀನು ಆ ಕೆಲಸ ಬಿಡು, ಇಲ್ಲ ನಾನು ಆ ಶಾಲೆ ಬಿಡ್ತೀನಿ."

ಕೆಲಸ ಬಿಟ್ಟರೆ ತಿನ್ನುವುದೇನು? ಹುಡುಗಿ ಶಾಲೆ ಬಿಟ್ಟಳು. ತಮ್ಮ ಕಚೇರಿ ಅವಳ ಹೆಸರಿನ ಮುಂದೆ 'ತಿರಸ್ಕಾರ' ಎಂದು ಬರೆಯಿತು. ಅರ್ಜಿ ಬರೆಯುವವನಾದ ನನಗೆ ಈ ಪದದ ತೂಕ ಗೊತ್ತು. ಬೇಡ ಎನ್ನುವುದಕ್ಕೂ ಅದೇ ಪದ, ಕೀಳಾಗಿ ಕಾಣುವುದಕ್ಕೂ ಅದೇ ಪದ. ತಮ್ಮ ಗುಮಾಸ್ತರು ತಿಳಿಯದೆ ನಿಜವನ್ನೇ ಬರೆದಿದ್ದಾರೆ. ಹದಿಮೂರು ವರ್ಷ ತಾಯಿಯ ಸೆರಗು ಬಿಡದ ಹುಡುಗಿಗೆ ಆ ತಾಯಿಯನ್ನೇ ತಿರಸ್ಕಾರದಿಂದ ನೋಡಲು ತಾವು ಒಂದೇ ಸಭೆಯಲ್ಲಿ ಕಲಿಸಿದಿರಿ. ತಮ್ಮ ಶಾಲೆಯಲ್ಲಿ ಪಾಠ ಇಷ್ಟು ಚುರುಕು ಎಂದು ನನಗೆ ಗೊತ್ತಿರಲಿಲ್ಲ. ಈಗ ಅವಳು ಬೀದಿಯಲ್ಲಿ ತಾಯಿ ಎದುರಾದರೆ ಪಕ್ಕದ ಓಣಿಗೆ ತಿರುಗುತ್ತಾಳೆ.

ಸಮಿತಿಯವರು ಹೊಸ ಕರಪತ್ರ ಹಂಚಬೇಕು, ಶಾಲೆಯ ಗೇಟಿಗೆ ಬಣ್ಣ ಬಳಿಯಬೇಕು ಎನ್ನುತ್ತಿದ್ದಾರಂತೆ. ಬಳಿಯಿರಿ. ಬಣ್ಣ ಚೆಲ್ಲಿದರೆ ಒರೆಸಲು ನನ್ನ ತಂಗಿ ಇನ್ನೂ ಅಲ್ಲೇ ಇದ್ದಾಳೆ.

ನನ್ನ ಬೇಡಿಕೆ ಇಷ್ಟೇ. ತಮ್ಮ ಆದೇಶ ರದ್ದು ಮಾಡಿ. ಪಟ್ಟಣದ ಆಚೆ ತುದಿಯಲ್ಲಿ ತಮ್ಮದೇ ಇನ್ನೊಂದು ಆಯ್ಕೆ ಶಾಲೆಯಿದೆ, ಅಲ್ಲಿ ಸೀಟುಗಳು ಖಾಲಿ ಬಿದ್ದಿವೆ, ಹುಡುಗಿ ಅಲ್ಲಿಗೆ ಹೋಗಲು ತಯಾರಿದ್ದಾಳೆ. ಸೇರಿಸಿಕೊಳ್ಳಿ. ಮತ್ತೆ ಅರ್ಜಿಯಲ್ಲಿ ತಂದೆತಾಯಿಯ ಕೆಲಸ ಕೇಳುವ ಸಾಲನ್ನು ಹೊಡೆದುಹಾಕಿ. ಅದನ್ನು ತಾವು ಯಾಕೆ ಕೇಳುತ್ತೀರಿ ಎನ್ನುವುದು ನನಗೆ ಗೊತ್ತಾಗಿದೆ.

ಬೇಗ ಮಾಡಿ. ಯಾಕೆಂದರೆ ನಿನ್ನೆ ಆ ಶಾಲೆಗೆ ಅರ್ಜಿ ಬರೆಯಲು ಕೂತಾಗ ತಂಗಿ ನನ್ನ ಪಕ್ಕ ಬಂದು ಮೆಲ್ಲಗೆ ಹೇಳಿದಳು, "ಅಣ್ಣ, ತಾಯಿ ಅನ್ನೋ ಕಡೆ ತೀರಿಕೊಂಡಿದ್ದಾಳೆ ಅಂತ ಬರೆದುಬಿಡು. ಆಮೇಲೆ ಯಾರೂ ಏನೂ ಕೇಳಲ್ಲ." ಹುಡುಗಿ ಅಲ್ಲೇ ಕೂತು ಪುಸ್ತಕಕ್ಕೆ ರಟ್ಟು ಹಾಕುತ್ತಿದ್ದಳು. ಬೇಡ ಅನ್ನಲಿಲ್ಲ.

ಇಂತಿ,
ಎಂಥೆಂಥ ಸುಳ್ಳನ್ನೋ ಬರೆದುಕೊಟ್ಟು, ಆ ಒಂದು ಸಾಲಿನ ಮುಂದೆ ಪೆನ್ನು ಹಿಡಿದು ಕೂತಿರುವ,
ತಮ್ಮ ಗೇಟಿನೆದುರಿನ ಅರ್ಜಿ ಬರೆಯುವವನು