ಮುಚ್ಚಿದ ತೂತು

ಮಾರ್ಚ್ ೯, ಸೋಮವಾರ

ಅಣ್ಣ ಅಂಗಡಿಯಿಂದ ಬಂದವನೇ ಮಲಗಿಬಿಟ್ಟ. ಊಟಕ್ಕೂ ಏಳಲಿಲ್ಲ.

ಬೆಳಿಗ್ಗೆ ನಮ್ಮ ಹಳೇ ನಾಣ್ಯದಂಗಡಿಗೆ, ನಾಣ್ಯ ಕೂಡಿಡುವ ಆಸ್ಪತ್ರೆಯ ನರ್ಸಮ್ಮ ಬಂದಿದ್ದರು. ಅವರು ಮೂರು ತಿಂಗಳಿಂದ ಕೇಳುತ್ತಿದ್ದ ಅಪರೂಪದ ಬೆಳ್ಳಿ ನಾಣ್ಯವನ್ನು ಅಣ್ಣ ತೆಗೆದಿಟ್ಟಿದ್ದ. ಡಬ್ಬಿಗೆ ಹಾಕುವ ಮುನ್ನ ಭೂತಗನ್ನಡಿ ಹಿಡಿದೆ. ಅದರಲ್ಲಿ ಅಚ್ಚಾಗಿದ್ದ ರಾಣಿಯ ಕಿರೀಟದ ಮೇಲೆ ಸಾಸಿವೆಯಷ್ಟು ಜಾಗ ಬೇರೆ ಬಣ್ಣಕ್ಕಿತ್ತು. ಅಣ್ಣನನ್ನು ಒಳಗೆ ಕರೆದೆ.

“ಇದಕ್ಕೆ ತೂತಿತ್ತಾ?”

“ಇತ್ತು. ನಾನೇ ಬೆಸುಗೆ ಹಾಕಿ ಮುಚ್ಚಿದೆ. ನೀನು ಸುಮ್ನಿರು.”

“ಅವ್ರಿಗೆ ಹೇಳಿದ್ಯಾ?”

“ಹೇಳಿದ್ರೆ ತೂತು ನಾಣ್ಯ ಯಾರು ತಗೋತಾರೆ?”

ನನಗೆ ನಾಣ್ಯ ನೋಡುವುದನ್ನು ಕಲಿಸಿದವನೇ ಅವನು. ಆದರೂ ಹೊರಗೆ ಬಂದು ಎಲ್ಲ ಹೇಳಿಬಿಟ್ಟೆ. ನರ್ಸಮ್ಮ ಬಹಳ ಹೊತ್ತು ನಾಣ್ಯವನ್ನು ತಿರುಗಿಸಿ ನೋಡಿದರು.

“ಯಾರೋ ತೂತು ಮಾಡಿ ಮಗುವಿನ ಕೊರಳಿಗೆ ಕಟ್ಟಿದ್ರೇನೋ. ತೂತು ಹಾಗೇ ಇದ್ದಿದ್ರೆ ಸಂತೋಷವಾಗಿ ತಗೋತಿದ್ದೆ. ಈಗ ಬೇಡಪ್ಪ,” ಎಂದು ಹೊರಟುಹೋದರು. ಒಳಗಿದ್ದ ಅಣ್ಣನಿಗೆ ಅದಷ್ಟೂ ಕೇಳಿಸಿತ್ತು.

ಅವನ ಮಾನ ಕಳೆದೆನೋ, ಉಳಿಸಿದೆನೋ ತಿಳಿಯುತ್ತಿಲ್ಲ.

ಇಷ್ಟು ಬರೆಯುವಾಗಲೇ ಅಣ್ಣ ಬಂದು ಮಂಚದ ತುದಿಯಲ್ಲಿ ಕೂತ. ತಲೆ ಎತ್ತದೆ, “ಇಂಥವು ಇನ್ನೂ ನಾಲ್ಕು ಮಾರಿದೀನಿ ಕಣೋ,” ಎಂದ. ಕೊಂಡವರ ಮನೆಗಳು ನನಗೂ ಗೊತ್ತು. ಇಬ್ಬರೂ ಹೋಗಿ ನಿಜ ಹೇಳೋಣ ಎಂದೆ. ಆಗಲಿ ಎಂದು ತಲೆಯಾಡಿಸಿದ. ನಾಳೆ ಮೊದಲು ಯಾರ ಬಾಗಿಲು ತಟ್ಟುವುದೋ, ಇನ್ನೂ ತೀರ್ಮಾನಿಸಿಲ್ಲ.