ತಿದಿಯ ತೊಗಲು

ಜಡೆ, ೧೯೫೮

ಅಪ್ಪಾ,

ನೀನು ತೀರಿಕೊಂಡ ಮೇಲೂ ಏನಾದರೂ ತಿಳೀದಿದ್ರೆ ನಿನ್ನನ್ನೇ ಕೇಳಬೇಕು ಅನ್ನಿಸ್ತದೆ. ಇವತ್ತು ತಂಗಿ ಕಾಳವ್ವನನ್ನು ಶಿಕಾರಿಪುರದ ಡಾಕ್ಟರಿಗೆ ತೋರಿಸಿದೆ. ನಿನಗೆ ಬರ್ತಿದ್ದಂಥದೇ ಏದುಸಿರು. ಎದೆಬಡಿತ ಲಯ ತಪ್ಪಿದೆ, ಹೃದಯದ ಕವಾಟವೂ ಸೋರ್ತಿದೆ ಅಂದರು.

"ಮೊದಲು ಕೆಟ್ಟಿದ್ದು ಯಾವುದು, ಡಾಕ್ಟ್ರೇ?"

"ಕವಾಟ ಸೋರಿದ್ರೆ ಹೃದಯದ ಮೇಲಿನ ಕೋಣೆ ಹಿಗ್ಗಿ ಬಡಿತ ತಪ್ಪುತ್ತೆ. ಬಡಿತ ತಪ್ಪಿ ಕೋಣೆ ಹಿಗ್ಗಿದ್ರೂ ಕವಾಟ ಸೋರುತ್ತೆ. ಹೇಳೋದು ಕಷ್ಟ ಕಣಯ್ಯಾ."

ನನಗೆ ತಲೆಬುಡ ತಿಳೀಲಿಲ್ಲ. ಕುಲುಮೆಯಲ್ಲಿ ನೀನು ಏದುಸಿರು ಬಿಡ್ತಾ, ನಿಂತು ನಿಂತು ತಿದಿ ಒತ್ತುವಾಗ ಗಾಳಿ ಬಿಟ್ಟುಬಿಟ್ಟು ಬಂದು ಕೆಂಡ ಮಂಕಾಗ್ತಿತ್ತಲ್ಲ? ಗಾಳಿ ಹಿಂದಕ್ಕೆ ಹೋಗದಂತೆ ತಡೆಯೋ ಒಳಮುಚ್ಚಳದ ತೊಗಲು ಸೋರ್ತಿದೆ ಅಂತ ನಾನು ಹೊಸದು ಹಾಕಿ, "ಈಗ ಜೋರಾಗಿ ಒತ್ತು" ಅಂದಿದ್ದೆ.

ಮನೆಗೆ ಬಂದವನೇ ಆ ಹಳೇ ತೊಗಲು ಹುಡುಕಿ, ಅಂಗೈಯಲ್ಲಿ ಗುಳಿಯಾಗಿ ಹಿಡಿದು ನೀರು ಹೊಯ್ದು ನೋಡಿದೆ, ಅಪ್ಪಾ. ಒಂದು ಹನಿಯೂ ಸೋರಲಿಲ್ಲ.